ಗ್ರೀಷ್ಮಚಿತ್ರವಿಮರ್ಶಾ ಮೀಮಾಂಸೆ

ಪೀಠಿಕೆ

ಶುಕ್ರವಾರ ಬೆಳಗಿನ ಆಟ ಮುಗಿಯುವ ಮೊದಲೇ ಹುಟ್ಟಿ, ಭಾನುವಾರದ ಬಾಡೂಟದ ಹೊತ್ತಿಗೆ ಮರೆತುಹೋಗುವ ವಾಙ್ಮಯಕ್ಕೆ ಚಿತ್ರವಿಮರ್ಶೆ ಎಂದು ಹೆಸರು. ವರ್ಷವಿಡೀ ಬೆಳೆಯುವುದಾದರೂ, ಪರೀಕ್ಷೆ ಮುಗಿದು ಮಕ್ಕಳು ಮನೆಯ ಹೆಂಚು ಹಾರಿಸುವ ಏಪ್ರಿಲ್-ಮೇ ತಿಂಗಳಲ್ಲಿ ಇದರ ಇಳುವರಿ ಹೆಚ್ಚು. ಇಂಥ ಬೆಳೆಗೆ ಶಾಸ್ತ್ರವಿಲ್ಲದಿರುವುದು ನಾಡಿಗೆ ಶೋಭೆಯಲ್ಲವೆಂದು ಈ ಗ್ರಂಥ.

ಪೂರ್ವಪಕ್ಷ

ನಾಟ್ಯಶಾಸ್ತ್ರದ 27ನೇ ಅಧ್ಯಾಯದಲ್ಲಿ ಭರತಮುನಿ ಪ್ರಯೋಗದ ಗುಣದೋಷ ತೂಗಲು ಹತ್ತು ಪ್ರಾಶ್ನಿಕರನ್ನು ಹೇಳಿದ್ದಾನೆ. ಯಜ್ಞ ಬಲ್ಲವನು, ನರ್ತಕ, ವೈಯಾಕರಣ, ಬಿಲ್ಲುಗಾರ, ವೇಶ್ಯೆ, ರಾಜಸೇವಕ ಮುಂತಾದ ಒಬ್ಬೊಬ್ಬರಿಗೂ ಅವರವರ ವಿಷಯ ಮಾತ್ರ. ಈಗ ಹತ್ತೂ ಅಧಿಕಾರಗಳು ಇಂಟರ್‌ವಲ್‌ನಲ್ಲಿ ಮೊಬೈಲ್ ಹಿಡಿದು ಥಿಯೇಟರ್ ಗೇಟಿನಲ್ಲಿ ನಿಂತವನಲ್ಲಿ ಐಕ್ಯವಾಗಿವೆ.

ಪ್ರೇಕ್ಷಕರು ಮೆಚ್ಚಿ ಬಟ್ಟೆ, ಉಂಗುರ ಎಸೆಯುವುದು ಮುನಿಯ ಪ್ರಕಾರ ಸಿದ್ಧಿಯ ಲಕ್ಷಣ. ಪರದೆಗೆ ಚಿಲ್ಲರೆ ತೂರುವುದು, ಕಟೌಟಿಗೆ ಹಾಲೆರೆಯುವುದು ಇದರ ಅರ್ವಾಚೀನ ಪಾಠಾಂತರ. ಘಾತ, ಅಂದರೆ ವಿಘ್ನಗಳಲ್ಲಿ, ಗಾಳಿ, ಮಳೆ, ಆನೆ, ಹಾವು ದೈವಿಕ. ಸಗಣಿ ಎಸೆಯುವುದು, ಇರುವೆ ಬಿಡುವುದು ಶತ್ರುಕೃತ. ಐಪಿಎಲ್ ಯಾವ ಘಾತವೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ: ಆರ್‌ಸಿಬಿ ಗೆದ್ದರೆ ಶತ್ರುಕೃತ, ಸೋತರೆ ದೈವಿಕ ಎಂಬುದು ನಿರ್ಮಾಪಕರ ಮತ.

ಸೂತ್ರಭಾಷ್ಯ

ಸೂತ್ರ 1: ದ್ವಿತೀಯಾರ್ಧ ತುಸು ಎಳೆದಂತಿದೆ.
ಭಾಷ್ಯ: ಮಧ್ಯಂತರದಲ್ಲಿ ಎರಡು ಬೋಂಡಾ ತಿಂದವನಿಗೆ ಲೋಕವೇ ಎಳೆದಂತಿರುತ್ತದೆ. ಆದ್ದರಿಂದ ಇದು ಪ್ರತ್ಯಕ್ಷಪ್ರಮಾಣ.

ಸೂತ್ರ 2: ಉಳಿದವರು ತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದ್ದಾರೆ.
ಭಾಷ್ಯ: ಹೆಸರು ನೆನಪಾಗದವರಿಗೆ ಬಿಡುವ ಸಾಮೂಹಿಕ ತರ್ಪಣ.

ಸೂತ್ರ 3: ಲಾಜಿಕ್ ಬದಿಗಿಟ್ಟು ನೋಡಿದರೆ ಹಬ್ಬ.
ಭಾಷ್ಯ: ಇದು ಮಾಸ್ ಚಿತ್ರಕ್ಕೆ ಮಾತ್ರ. 2022ರ ಏಪ್ರಿಲ್ 14ರಂದು ಬಂದ 'ಕೆಜಿಎಫ್ ಚಾಪ್ಟರ್ 2'ರಲ್ಲಿ ಚಿನ್ನ ಹೊತ್ತ ಹಡಗೇ ಮುಳುಗುವಾಗ ಲಾಜಿಕ್ ಮಾತ್ರ ತೇಲಲೆಂದು ಬಯಸುವುದು ಅರಸಿಕತೆ.

ಸೂತ್ರ 4: ಹಾರರ್ ನಗಿಸುತ್ತದೆ, ಕಾಮಿಡಿ ಹೆದರಿಸುತ್ತದೆ.
ಭಾಷ್ಯ: ಸ್ಪಷ್ಟ.

ಸೂತ್ರ 5: ಒಮ್ಮೆ ನೋಡಲು ಅಡ್ಡಿಯಿಲ್ಲ.
ಭಾಷ್ಯ: ಅಡ್ಡಿ ಯಾರದೆಂದು ಹೇಳದಿರುವುದೇ ಧ್ವನಿ. ಆನಂದವರ್ಧನನಿಗೆ ಇಂಥ ಉದಾಹರಣೆ ಸಿಗಲಿಲ್ಲ, ಪಾಪ.

ಪ್ರಯೋಗ

ಸೂತ್ರಗಳನ್ನು 2016ರ ಬೇಸಿಗೆಗೆ ಹಚ್ಚಿ ನೋಡೋಣ. ಮೇ 6ರಂದು ರಾಮ್ ರೆಡ್ಡಿಯವರ 'ತಿಥಿ' ಬಂತು. ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರು, ಕಥೆ ಜಮೀನಿನ ತಕರಾರು. ನ್ಯಾಯ ಒದಗಿಸುವುದು ಅಲ್ಲಿ ನಟರ ಪಾಲಿನ ಕೆಲಸವಲ್ಲ, ತಾಲ್ಲೂಕು ಕಚೇರಿಯದು. ಎರಡನೇ ಸೂತ್ರ ಬಿದ್ದುಹೋಯಿತು. ಮೇ 20ರಂದು ಪವನ್ ಕುಮಾರ್ ಅವರ 'ಯು ಟರ್ನ್'. ಫ್ಲೈಓವರಿನ ನಡುವಿನ ಕಲ್ಲು ಸರಿಸಿ ಗಾಡಿ ತಿರುಗಿಸಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಲಾಜಿಕ್ ಬದಿಗಿಡಿ ಎನ್ನುವಂತಿಲ್ಲ, ಕಲ್ಲು ಬದಿಗಿಟ್ಟವರಿಗೇ ಈ ಗತಿ, ಮೂರನೆಯದೂ ಹೋಯಿತು. ಜೂನ್ 3ರಂದು ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಮರೆವಿನ ಕಾಯಿಲೆಯ ಅಪ್ಪನಾಗಿ ಅನಂತನಾಗ್ ಕಳೆದುಹೋಗುತ್ತಾರೆ, ಮಗ ರಕ್ಷಿತ್ ಶೆಟ್ಟಿ ಹುಡುಕುತ್ತಾನೆ. ಅಪ್ಪ ಸ್ವಲ್ಪ ಬೇಗ ಸಿಗಬಹುದಿತ್ತು, ದ್ವಿತೀಯಾರ್ಧ ಎಳೆಯಿತು ಎನ್ನಲು ಯಾರಿಗೆ ನಾಲಗೆ ಏಳುತ್ತದೆ?

ಸಿದ್ಧಾಂತ

ಇದರಿಂದ ತಿಳಿಯುವುದಿಷ್ಟು: ಸಿದ್ಧವಾಕ್ಯಕ್ಕೆ ಸಿದ್ಧಚಿತ್ರವೇ ಆಧಾರ. ನಾಯಕನ ಎಂಟ್ರಿ, ಐದು ಹಾಡು, ಆರು ಫೈಟು ಅಳತೆಗೆ ಸರಿಯಾಗಿ ಬರುವವರೆಗೆ ವಿಮರ್ಶಕ ಚಿತ್ರ ನೋಡಬೇಕಾಗಿಲ್ಲ, ನಿರ್ದೇಶಕನೂ ಅದನ್ನು ಯೋಚಿಸಬೇಕಾಗಿಲ್ಲ. ಇಬ್ಬರೂ ಪರಸ್ಪರ ಉಪಕಾರಿಗಳು. ಈ ದಾಂಪತ್ಯವನ್ನು ಕೆಡಿಸುವ ಚಿತ್ರಗಳಿಗೆ 'ಹೊಸ ಪ್ರಯತ್ನ' ಎಂದು ಹಣೆಪಟ್ಟಿ ಹಚ್ಚಿ, ಮೂರೂವರೆ ಸ್ಟಾರ್ ದಕ್ಷಿಣೆಯಿತ್ತು, ಮಧ್ಯಾಹ್ನದ ಒಂದೇ ಆಟಕ್ಕೆ ಕಳಿಸಿಕೊಡುವುದು ವಾಡಿಕೆ.

ಫಲಶ್ರುತಿ

ಇದನ್ನು ಪಠಿಸುವ ನಿರ್ಮಾಪಕನಿಗೆ ಪೋಸ್ಟರಿಗೆ ಅಂಟಿಸಲು ನಾಲ್ಕು ಸ್ಟಾರ್ ಲಭಿಸುತ್ತವೆ. ವಿಮರ್ಶಕನಿಗೆ ದ್ವಿತೀಯಾರ್ಧದಿಂದ ಮುಕ್ತಿ. ಪ್ರೇಕ್ಷಕನಾದರೋ ಎಲ್ಲ ವಿಮರ್ಶೆ ಓದಿ, ತೂಗಿ ನೋಡಿ, ಸೋಮವಾರ ಟಿಕೆಟ್ ಕೊಳ್ಳುತ್ತಾನೆ. ಅಷ್ಟರಲ್ಲಿ ಚಿತ್ರ ಎತ್ತಂಗಡಿಯಾಗಿದ್ದರೆ ಅದು ಅವನ ಪ್ರಾರಬ್ಧ.