ಮೂರನೆಯವರಿಲ್ಲದ ಪ್ರೀತಿ

ಇಳಕಲ್ಲಿನ ಕೆಲವು ಹುಡುಗರು ಕೂಡಿ ಪ್ರೀತಿಯ ಮೇಲೆ ಪ್ರಯೋಗಾತ್ಮಕ ನಾಟಕವೊಂದನ್ನು ಆಡುತ್ತಾರೆಂಬ ಸುದ್ದಿ ಬಂದಾಗ ನಮ್ಮ ಓಣಿಯವರು ಮೊದಲು ಕೇಳಿದ್ದು, ಪೇಟಿ ಬಾರಿಸುವವರು ಯಾರು ಅಂತ. ಪೇಟಿ ಇಲ್ಲವಂತೆ. ಹಾಡಿಲ್ಲ, ಪರದೆಯೂ ಇಲ್ಲ. ಎರಡು ಕುರ್ಚಿ, ಒಬ್ಬ ಗಂಡು, ಒಬ್ಬಳು ಹೆಣ್ಣು. ಅರ್ಧ ತಾಸು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಮಾತೂ ಆಡುವುದಿಲ್ಲ.

“ಇದು ಪ್ರೀತಿ ನಾಟಕ ಹೆಂಗ ಆಕ್ಕೈತೋ ತಮ್ಮಾ? ಲಗ್ನ ಆಗಿ ಮೂವತ್ತ ವರ್ಷ ಆದವರ ಕಥಿ ಇದು” ಎಂದರು ಮಗ್ಗದ ಕಾಕಾ. ಕರಿ ಅಂಗಿಯೇ ವೇಷವೆಂದು ಕೇಳಿ ಇನ್ನೂ ನೊಂದರು. ಊರ ತುಂಬ ಇಳಕಲ್ಲ ಸೀರೆ ನೇಯುತ್ತಿರುವಾಗ ನಾಯಕಿಗೆ ಕರಿ ಅಂಗಿಯೇ?

ಈ ಸೀಮೆಯ ಪ್ರೇಕ್ಷಕರಿಗೆ ನಾಟಕ ಕಲಿಸುವುದು ಸುಲಭವಲ್ಲ. 1896ರಲ್ಲಿ ಹುನಗುಂದ ಸೀಮೆಯ ಕಂದಗಲ್ಲಿನಲ್ಲಿ ಹುಟ್ಟಿದ ನಾಟಕಕಾರ ಹನುಮಂತರಾಯರನ್ನು ಜನ ಕರ್ನಾಟಕದ ಶೇಕ್ಸ್‌ಪಿಯರ್ ಎಂದೇ ಕರೆದರು. ಅವರ ‘ರಕ್ತರಾತ್ರಿ’ಯ ಮಾತುಗಳನ್ನು ಬಾಯಿಪಾಠ ಹೇಳುವವರು ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. ಅದೇ ಸೀಮೆಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ಸಿನಿಮಾ ಆಗಿ, ರಾಜಕುಮಾರ್ ಎಮ್ಮೆಯ ಬೆನ್ನೇರಿ ಹಾಡಿದರು. ಇನ್ನು ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಕೂಡಿದರೆ ಸಾಲುಸಾಲು ಕಂಪನಿಗಳ ತಂಬು. ಅಲ್ಲಿ ಪ್ರೇಮಿಗಳು ಎರಡು ಮಾತಾಡುವಷ್ಟರಲ್ಲಿ ಹಾಸ್ಯನಟ ನುಗ್ಗುತ್ತಾನೆ, ಹಿಂದಿನಿಂದ ‘ಒನ್ಸ್ ಮೋರ್’ ಬೀಳುತ್ತದೆ.

ನನಗನ್ನಿಸುವುದು ಇಷ್ಟು: ನಮ್ಮ ಕಡೆ ಇಬ್ಬರೇ ಪ್ರೀತಿ ಮಾಡುವುದಕ್ಕೆ ಜನ ಬಿಡುವುದಿಲ್ಲ. ನಡುವೆ ಮೂರನೆಯವರು ಬೇಕು. ಶ್ರೀಕೃಷ್ಣ ಪಾರಿಜಾತದ ಆಟವನ್ನೇ ನೋಡಿರಿ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಕಥೆ ಇಷ್ಟೇ, ಆಟ ಮಾತ್ರ ರಾತ್ರಿಯಿಡೀ! ಆ ಮುನಿಸನ್ನು ಕೇಳಿ, ಕೆಣಕಿ, ಬಯಲಿಗೆಳೆಯುವವನು ಭಾಗವತ. ಈಗಷ್ಟೇ ಹಿಮ್ಮೇಳದವರ ಜೊತೆ ನಿಂತಿದ್ದವನು ಮರುಗಳಿಗೆಗೆ ಸತ್ಯಭಾಮೆಯ ದೂತಿ. ವೇಷ ಬದಲಿಸುವುದಿಲ್ಲ, ಬೆಳಕೂ ಆರುವುದಿಲ್ಲ, ಯಾರಿಗೂ ಗೊಂದಲವಾಗುವುದಿಲ್ಲ. ಪ್ರಯೋಗ ಅಂದರೆ ಇದಲ್ಲವೇ? ಅದಕ್ಕೊಂದು ವಿಚಾರ ಸಂಕಿರಣ ಮಾಡದಿದ್ದುದೊಂದೇ ನಮ್ಮ ಹಿರಿಯರ ಕೊರತೆ.

ಹುಡುಗರ ನಾಟಕದ ನಿರ್ದೇಶಕ ಇದನ್ನು ಒಪ್ಪಲಿಲ್ಲ. ಮೌನದಲ್ಲೇ ಪ್ರೀತಿ ಇದೆಯೆಂದು ನಟನಟಿಯರನ್ನು ಬಸ್ಸು ಹತ್ತಿಸಿ ಬಾದಾಮಿಯ ಮೇಣಬಸದಿ ಗುಹೆಗಳಿಗೆ ಕರೆದೊಯ್ದ. 578ರಲ್ಲಿ ಮಂಗಲೇಶ ಮುಗಿಸಿದ ಮೂರನೆಯ ಗುಹೆಯ ಕಂಬಗಳ ತಲೆಯಲ್ಲಿ ಜೋಡಿಗಳು ಒಬ್ಬರಿಗೊಬ್ಬರು ಒರಗಿ ನಿಂತಿವೆ. ಸಾವಿರದ ನಾನೂರು ವರ್ಷಗಳಾದರೂ ಒಂದು ಮಾತಿಲ್ಲ. ಹುಡುಗರು ತದೇಕಚಿತ್ತದಿಂದ ನೋಡಿದರು. ಮಂಗಗಳು ಬುತ್ತಿ ಒಯ್ದವು.

ಪ್ರಯೋಗದ ರಾತ್ರಿ ಹತ್ತು ನಿಮಿಷ ಜನ ಸುಮ್ಮನಿದ್ದರು. ಆಮೇಲೆ ಹಿಂದಿನಿಂದ ಒಂದು ಮುದುಕಿಯ ದನಿ: “ಯವ್ವಾ, ಒಂದ್ಸಲ ಹೊಳ್ಳಿ ನೋಡಬೇ, ಪಾಪ ಕುಂತಾನ.” ಗಂಡಸರ ಕಡೆಯಿಂದ ಉತ್ತರ ಬಂತು: “ಅಂವಾ ಏನ್ ಮಾಡ್ಯಾನೋ ಏನೋ, ಮೊದಲ ಅದನ್ನ ಕೇಳ್ರಿ.” ಅಲ್ಲಿಗೆ ಸಭೆಯೆಲ್ಲ ಭಾಗವತನಾಯಿತು. ಪಂಚಾಯಿತಿ ಕಾವೇರಿದಂತೆ ನಾಯಕಿ ನಗು ತಡೆಯಲಾರದೆ ತಿರುಗಿಯೇಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ. ನಿರ್ದೇಶಕ ಮಾತ್ರ ಸತ್ಯಭಾಮೆಯಾಗಿ ಚಹಾ ಸಹ ಕುಡಿಯಲಿಲ್ಲ.

ಮುಂದಿನ ಪ್ರಯೋಗ ಹುನಗುಂದದಲ್ಲಿ, ಆಮೇಲೆ ಬಾಗಲಕೋಟೆಯಲ್ಲಿ. ಟಿಕೀಟಿಲ್ಲ, ಬರ್ರಿ. ಮೊಬೈಲು ಬಂದ್ ಇಡ್ರಿ. ಬಾಯಿ ಬಂದ್ ಇಡಬೇಕಂತ ನಾನೇನೂ ಹೇಳುವುದಿಲ್ಲ.