ಮೊಬೈಲಿನ ಧಾನ್ಯಾಧಿವಾಸ: ಒಂದು ಮೀಮಾಂಸೆ

ಹೊಸ ವಿಗ್ರಹಕ್ಕೆ ಪ್ರಾಣಪ್ರತಿಷ್ಠೆ ಮಾಡುವ ಮುನ್ನ ಅದನ್ನು ನೀರಿನಲ್ಲಿರಿಸುವುದು ಜಲಾಧಿವಾಸ, ಧಾನ್ಯದಲ್ಲಿ ಹೂತಿಡುವುದು ಧಾನ್ಯಾಧಿವಾಸ. ಆಗಮಶಾಸ್ತ್ರದ ಒಂದು ಪುಟವನ್ನೂ ಓದದ ಮನೆಗಳು ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸುತ್ತಿವೆ ಎಂಬುದಕ್ಕೆ ಬಚ್ಚಲ ಬಕೆಟ್ಟಿಗೆ ಬಿದ್ದ ಮೊಬೈಲೇ ಸಾಕ್ಷಿ. ಜಲಾಧಿವಾಸ ಅರೆಕ್ಷಣದ್ದು. ಆಮೇಲೆ ಅದನ್ನು ಪಂಚೆಯ ಚುಂಗಿನಲ್ಲಿ ಒರೆಸಿ, ಸ್ಟೀಲ್ ಡಬ್ಬದ ಸೋನಾ ಮಸೂರಿಯೊಳಗೆ ತಲೆ ಮುಳುಗುವಂತೆ ಹೂತು, ಮುಚ್ಚಳ ಒತ್ತಿ, ಮನೆಮಂದಿ ದನಿ ತಗ್ಗಿಸುತ್ತಾರೆ. ಈ ವಿಧಿಯ ಫಲ ಸಲ್ಲುವುದು ಫೋನಿಗೋ, ಅಕ್ಕಿಗೋ, ಯಜಮಾನನಿಗೋ ಎಂಬುದೇ ಇಲ್ಲಿಯ ಜಿಜ್ಞಾಸೆ.

ಪೂರ್ವಪಕ್ಷ ಹೀಗಿದೆ: ಅಕ್ಕಿ ನೀರು ಹೀರುತ್ತದೆ; ಹೋಟೆಲಿನ ಉಪ್ಪಿನ ಡಬ್ಬಿಯಲ್ಲಿ ನಾಲ್ಕು ಕಾಳು ಅಕ್ಕಿ ಇರುವುದು ಅದಕ್ಕೇ. ಹೀರುವುದು ನಿಜ, ಕುಕ್ಕರ್ ಇಟ್ಟವರೆಲ್ಲ ಬಲ್ಲರು. ಆದರೆ ಬೋರ್ಡಿನ ಚಿಪ್ಪುಗಳಡಿ ಅಡಗಿ ಕೂತ ಹನಿಯನ್ನು ಹೊರಗಿನ ಕಾಳು ಕೈಚಾಚಿ ಎಳೆದುಕೊಳ್ಳಲಾರದು. ಹನಿ ತಾನಾಗಿ ಆವಿಯಾಗಿ ಹೊರಬರಬೇಕು. ಅದಕ್ಕೆ ಬೇಕಾದದ್ದು ಗಾಳಿ, ಮುಚ್ಚಳ ಒತ್ತಿದ ಡಬ್ಬದಲ್ಲಿ ಇಲ್ಲದ್ದೂ ಅದೇ. ಮೇಲಾಗಿ, ಚೆನ್ನಾಗಿ ಒಣಗಿದ ಅಕ್ಕಿಯಲ್ಲೇ ಶೇ. 12ರಿಂದ 14ರಷ್ಟು ತೇವಾಂಶವಿರುತ್ತದೆ. ಅಂದರೆ ಒಂದು ಕಿಲೋ ಅಕ್ಕಿಯೊಳಗೆ ಒಂದು ಕಾಫಿಲೋಟ ನೀರು ಮೊದಲೇ ಬಿಡಾರ ಹೂಡಿದೆ. ಆಷಾಢದ ಆಗುಂಬೆಯಲ್ಲಿ ಅದು ಇನ್ನಷ್ಟು ಹಿಗ್ಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹೊಸ ಶೂ ಡಬ್ಬದಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಈ ಕೆಲಸಕ್ಕೆ ಎಷ್ಟೋ ವಾಸಿ. ಪಾಪ, ಅದಕ್ಕೆ ಪರಂಪರೆಯ ಬಲವಿಲ್ಲ.

‘ನಮ್ಮ ಫೋನ್ ಅಕ್ಕಿಯಿಂದಲೇ ಬದುಕಿತು’ ಎಂಬ ಪಕ್ಕದ ಮನೆಯ ಆಪ್ತವಾಕ್ಯವನ್ನು ಏನು ಮಾಡುವುದು? ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಇದು ಕಾಕತಾಲೀಯ ನ್ಯಾಯ. ಐಪಿ68 ಮುದ್ರೆಯ ಅನೇಕ ಫೋನುಗಳು ಒಂದೂವರೆ ಮೀಟರ್ ಸಿಹಿನೀರಿನಲ್ಲಿ 30 ನಿಮಿಷ ಇದ್ದು ಬರುವಂತೆ ತಯಾರಾದವು. ಅವನ್ನು ಅಕ್ಕಿಯಲ್ಲಿಟ್ಟರೂ ಬದುಕುತ್ತವೆ, ಹುರುಳಿಯಲ್ಲಿಟ್ಟರೂ ಬದುಕುತ್ತವೆ. ಸತ್ತ ಫೋನುಗಳ ಪರವಾಗಿ ಸಾಕ್ಷಿ ಹೇಳುವವರಿಲ್ಲ, ಅಷ್ಟೇ.

ಹಾಗಾದರೆ ವಿಧಿ ನಿಷ್ಫಲವೇ? ಇಲ್ಲ. ಶುದ್ಧ ನೀರಿಗೆ ಫೋನಿನ ಮೇಲೆ ಅಂಥ ದ್ವೇಷವೇನೂ ಇಲ್ಲ. ಅದರಲ್ಲಿ ಕರಗಿದ ಲವಣದ ಮೂಲಕ ಬ್ಯಾಟರಿಯ ಕರೆಂಟು ಹರಿದಾಗ ಬೋರ್ಡು ಶಾರ್ಟ್ ಆಗುತ್ತದೆ, ತಾಮ್ರದ ಮೇಲೆ ಹಸಿರು ಕಿಲುಬು ಏಳುತ್ತದೆ. ಆ ಕರೆಂಟನ್ನು ಹರಿಸುವವನು ಯಾರು? ಎರಡೆರಡು ನಿಮಿಷಕ್ಕೆ ‘ಆನ್ ಆಗುತ್ತಾ ನೋಡೋಣ’ ಎಂದು ಗುಂಡಿ ಒತ್ತುವ, ಚಾರ್ಜರ್ ಸಿಕ್ಕಿಸುವ ಯಜಮಾನ. ಅಕ್ಕಿ ಅವನ ಕೈ ಕಟ್ಟುತ್ತದೆ. ಸ್ವಿಚ್ ಆಫ್ ಮಾಡಿ ಫ್ಯಾನಿನಡಿ ಇಡಿ ಎಂದರೆ ಅವನು ಕೇಳುವುದಿಲ್ಲ, ಫ್ಯಾನಿಗೆ ಆ ಗಾಂಭೀರ್ಯವಿಲ್ಲ. ಡಬ್ಬಕ್ಕೆ ಹೋದ ಫೋನನ್ನು ಮಾತ್ರ ಒಂದು ದಿನ ಮುಟ್ಟುವುದಿಲ್ಲ. ಧಾನ್ಯಾಧಿವಾಸದ ಫಲವೆಲ್ಲ ಹೀಗೆ ಯಜಮಾನಗಾಮಿ, ಇದು ಸಿದ್ಧಾಂತ.

ಇದಕ್ಕೂ ಆಕ್ಷೇಪವುಂಟು. 2024ರಲ್ಲಿ ಆಪಲ್ ಕಂಪನಿಯೇ, ಅಕ್ಕಿಯಲ್ಲಿ ಇಡಬೇಡಿ, ಅದರ ನುಚ್ಚು ಫೋನಿಗೆ ಹಾನಿ ಮಾಡೀತು ಎಂದಿತು. ಒಪ್ಪಬೇಕಾದ ಮಾತು. ಚಾರ್ಜಿಂಗ್ ಪೋರ್ಟಿನಲ್ಲಿ ತವುಡು ತೇವಕ್ಕೆ ಅಂಟಿ ಗಂಜಿಯಾದರೆ ರಿಪೇರಿಯವನು ಅದನ್ನು ಸೂಜಿಯಲ್ಲಿ ಕೆದಕಿ, ಬೋರ್ಡು ಬಿಚ್ಚಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಟೂತ್‌ಬ್ರಶ್ಶಿನಿಂದ ಉಜ್ಜಬೇಕಾಗುತ್ತದೆ. ನಿಜವಾದ ಪ್ರಾಣಪ್ರತಿಷ್ಠೆ ಅದು. ಆದ್ದರಿಂದ ಅಕ್ಕಿಯನ್ನು ಬಿಟ್ಟು ಬರೀ ಡಬ್ಬವನ್ನು, ಅದೂ ಮುಚ್ಚಳ ತೆಗೆದು, ಬಳಸಬಹುದೆಂಬ ಪಾಠಾಂತರವನ್ನು ಈ ಲೇಖಕ ಎತ್ತಿಹಿಡಿಯುತ್ತಾನೆ.

ಉಳಿದದ್ದು ಅಕ್ಕಿಯ ಗತಿ. ಬಕೆಟ್ಟಿನ ಬದಲು ಕಮೋಡಿಗೆ ಬಿದ್ದ ಫೋನುಗಳ ವಿಷಯದಲ್ಲಿ ಈ ಪ್ರಶ್ನೆ ತುಸು ಜಟಿಲ. ಫೋನ್ ಬದುಕಿದರೆ ಅಕ್ಕಿ ಡಬ್ಬದಲ್ಲೇ ಉಳಿಯುತ್ತದೆ, ಬದುಕದಿದ್ದರೂ ಅಲ್ಲೇ ಉಳಿಯುತ್ತದೆ. ಸಂಜೆ ನೆಂಟರು ಬಂದರೆ ಚಿತ್ರಾನ್ನ.