ನೀರು ಹಿಡಿದಿಡಿ, ಹಬೆ ಬಿಟ್ಟುಬಿಡಿ

ಅಕ್ಕಾ, ಕೈಕೆಲಸ ಆಗಿದ್ರೆ ಸ್ವಲ್ಪ ಕಾಂಪೌಂಡ್ ಹತ್ರ ಬನ್ನಿ. ನಿನ್ನೆ ನಿಮ್ಮನೇಲಿ ಪಾಪ್‌ಕಾರ್ನ್ ಮಾಡಿದ್ರಂತೆ, ಅರ್ಧ ಅರಳಿ ಅರ್ಧ ಕಾಳಾಗೇ ತಳದಲ್ಲಿ ಉಳೀತಂತೆ, ಮಕ್ಕಳು ಹೇಳಿದ್ರು. ಅಂಗಡಿಯವನನ್ನೂ ಬೈಬೇಡಿ, ಒಲೆಯನ್ನೂ ಬೈಬೇಡಿ. ಇದರಲ್ಲಿರೋದೆಲ್ಲ ನೀರಿನ ಲೆಕ್ಕ. ಅರಳೋವರೆಗೂ ಕಾಳಿನೊಳಗಿನ ನೀರು ಹೊರಗೆ ಹೋಗಬಾರದು. ಅರಳಿದ ಮೇಲೆ ಅದೇ ನೀರು ಪಾತ್ರೆಯೊಳಗೆ ನಿಲ್ಲಬಾರದು. ಇವೆರಡು ನೋಡಿಕೊಂಡರೆ ಥಿಯೇಟರಿನಲ್ಲಿ ದುಡ್ಡು ಸುರಿದು ತಿನ್ನೋದಕ್ಕಿಂತ ಒಳ್ಳೇದು ನಮ್ಮ ಗ್ಯಾಸ್ ಒಲೆ ಮೇಲೇ ಆಗುತ್ತೆ.

ತಗೊಳ್ಳಿ, ಈ ಕಾಳನ್ನ ಅಂಗೈ ಮೇಲೆ ಇಟ್ಕೊಂಡು ನೋಡಿ. ಮೇಲೆಲ್ಲ ನುಣ್ಣಗೆ, ಹೊಳಪಾಗಿ, ಉಗುರಿಗೂ ಸಿಗದಷ್ಟು ಗಟ್ಟಿ. ಕೆಳಗೆ ಮೊನೆ ಹತ್ರ ಮಾತ್ರ ಸ್ವಲ್ಪ ಬೆಳ್ಳಗೆ, ಒರಟಾಗಿ ಕಾಣುತ್ತಲ್ಲ, ಅದು ತೆನೆಗೆ ಅಂಟಿಕೊಂಡಿದ್ದ ಜಾಗ. ಒಳಗೆ ಇರೋದು ಗಟ್ಟಿ ಪಿಷ್ಟ, ಅದರಲ್ಲಿ ತೂಕದ ಲೆಕ್ಕಕ್ಕೆ ಸುಮಾರು ನೂರಕ್ಕೆ 14 ಪಾಲು ನೀರು. ಕಾಳು ಕಾದಾಗ ಆ ನೀರು ಹಬೆಯಾಗೋಕೆ ನೋಡುತ್ತೆ, ಸಿಪ್ಪೆ ಬಿಡಲ್ಲ. ನಮ್ಮ ಕುಕ್ಕರ್ ಇದ್ದ ಹಾಗೇ. ಕುಕ್ಕರಿನೊಳಗೆ ಹೊರಗಿನ ಎರಡರಷ್ಟು ಒತ್ತಡ ಆಗ್ತಿದ್ದಂಗೆ ವಿಷಲ್ ಎದ್ದುಬಿಡುತ್ತೆ. ಈ ಕಾಳಿಗೆ ವಿಷಲ್ ಇಲ್ಲ, ಒತ್ತಡ ಸುಮಾರು ಒಂಬತ್ತು ಪಟ್ಟಿಗೆ ಹೋಗುತ್ತೆ. ಅಷ್ಟೊತ್ತಿಗೆ ಒಳಗಿನ ಪಿಷ್ಟ ಬೆಂದು ಗಂಜಿ ಥರ ಮೆತ್ತಗಾಗಿರುತ್ತೆ. ಸಿಪ್ಪೆ ಒಡೀತು ಅಂದ್ರೆ ಹಬೆ ಒಮ್ಮೆಲೇ ಹಿಗ್ಗಿ ಪಿಷ್ಟವನ್ನ ಉಬ್ಬಿಸುತ್ತೆ, ಅದೇ ಕ್ಷಣಕ್ಕೆ ತಣ್ಣಗಾಗಿ ಹಾಗೇ ಗರಿಗರಿಯಾಗಿ ನಿಂತುಬಿಡುತ್ತೆ.

2015ರಲ್ಲಿ ಫ್ರಾನ್ಸಿನ ಇಬ್ಬರು, ವಿರೋ ಮತ್ತು ಪೊನೊಮರೆಂಕೊ ಅಂತ, ಇದನ್ನ ಕೂತು ಪರೀಕ್ಷೆ ಮಾಡಿದ್ರು. 170 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೂರರಲ್ಲಿ ಒಂದು ಕಾಳು ಮಾತ್ರ ಅರಳಿತು. 180ಕ್ಕೆ ಏರಿಸಿದ್ರೆ ಹೆಚ್ಚೂಕಡಿಮೆ ಎಲ್ಲಾ ಅರಳಿತು. ಬರೀ ಹತ್ತು ಡಿಗ್ರಿ ಅಂತರ! ಆ ‘ಪಟ್’ ಅನ್ನೋ ಸದ್ದು ಇದೆಯಲ್ಲ, ಅದು ಸಿಪ್ಪೆ ಹರಿಯೋ ಸದ್ದಲ್ಲ, ಹಬೆ ತಟ್ಟನೆ ಹೊರಗೆ ನುಗ್ಗೋ ಸದ್ದು ಅಂತ ಅವರೇ ತೋರಿಸಿಕೊಟ್ರು. ಹಬೆ ಇಲ್ಲ ಅಂದ್ರೆ ಸದ್ದೂ ಇಲ್ಲ, ಅರಳೂ ಇಲ್ಲ.

“ಹಂಗಾರ ನಮ್ಮ ಕಡೆ ಪಂಚಮಿಗೆ ಅಳ್ಳು ಹುರದಂಗ ಆತಲ್ರೀ ಅಕ್ಕಾರ? ಹುರಿಯೂದಕ್ಕ ಮೊದಲ ಜ್ವಾಳಕ್ಕ ನೀರು ಚಿಮುಕಿಸಿ, ಅರಿವ್ಯಾಗ ಕಟ್ಟಿ ಇಟ್ಟಿರ್ತೀವಿ.”

ಅದೇ ಅಕ್ಕಾ, ಅದೇ! ನಿಮ್ಮ ಗದಗದ ಕಡೆಯವರಿಗೆ ಈ ವಿದ್ಯೆ ಮೊದಲಿಂದ ಗೊತ್ತು. ಆ ನೀರು ಕಾಳಿನ ಒಳಗೆ ಇಳೀಲಿ ಅಂತ ಕಟ್ಟಿಡ್ತೀರಿ. ಮೇಲಿನ ಪಸೆ ಆರಿಸಿ, ಕಾದ ಬಾಣಲೆಗೆ ಹಾಕಿ, ಬಟ್ಟೆ ಉಂಡೆಯಿಂದ ಒತ್ತಿ ಆಡಿಸ್ತೀರಿ. ಅಳ್ಳಿಗೆ ಸಿಕ್ಕ ಜೋಳ ಆಗಲ್ಲ, ಅಳ್ಳಿನ ಜೋಳವೇ ಬೇಕು ಅಂತೀರಲ್ಲ, ಇಲ್ಲೂ ಹಾಗೇ. ನಮ್ಮ ದಾವಣಗೆರೆ ಸುತ್ತ ಎಲ್ಲಿ ನೋಡಿದ್ರೂ ಮೆಕ್ಕೆಜೋಳ. ಆದ್ರೆ ಕೋಳಿ ಆಹಾರಕ್ಕೂ ಸ್ಟಾರ್ಚ್ ಫ್ಯಾಕ್ಟರಿಗೂ ಹೋಗೋ ಆ ದೊಡ್ಡ ಕಾಳಿನ ಸಿಪ್ಪೆ ಹಬೆ ಹಿಡಿಯಲ್ಲ. ಹುರಿದ್ರೆ ಬಿರಿಯುತ್ತೆ, ತಿನ್ನೋಕೆ ರುಚಿನೂ ಇರುತ್ತೆ, ಆದ್ರೆ ಹೂವಾಗಲ್ಲ. ಪಾಪ್‌ಕಾರ್ನ್ ಅಂತಲೇ ಮಾರೋ ಸಣ್ಣ ಕಾಳು ಬೇರೆ ತಳಿ.

ಈಗ ಮೊದಲನೇ ಮಾತಿಗೆ ಬರ್ತೀನಿ, ನೀರು ಹಿಡಿದಿಡೋದು. ಕಾಳು ತಂದ ಕೂಡಲೇ ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ತುಂಬಿ. ಪ್ಲಾಸ್ಟಿಕ್ ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ ಡಬ್ಬಿ ಹಿಂದೆ ಇಟ್ಟರೆ ದಿನಾ ಇಷ್ಟಿಷ್ಟೇ ಒಣಗುತ್ತೆ. ಇನ್ನೊಂದು ಮುಖ್ಯ. ಹುಳ ಹಿಡೀಬಾರದು ಅಂತ ಬೇಳೆಕಾಳನ್ನೆಲ್ಲ ಮಾಳಿಗೆ ಮೇಲೆ ಬಿಸಿಲಿಗೆ ಹರವ್ತೀವಲ್ಲ, ಅದರ ಜೊತೆ ಈ ಕಾಳನ್ನ ಮಾತ್ರ ಹರವಬೇಡಿ. ಮಿಕ್ಕ ಕಾಳಿಗೆ ಬಿಸಿಲು ಒಳ್ಳೇದು, ಇದಕ್ಕೆ ಅದೇ ಕೆಡುಕು. ನಿಮ್ಮ ಹತ್ರ ಉಳಿದಿರೋ ಹಳೇ ಕಾಳನ್ನ ಎಸೀಬೇಡಿ. ಬಾಟಲಿಗೆ ಹಾಕಿ, ಮೂರು ಲೋಟ ಕಾಳಿಗೆ ಒಂದು ದೊಡ್ಡ ಚಮಚ ನೀರು ಚಿಮುಕಿಸಿ, ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ. ದಿನಕ್ಕೆ ಒಂದೆರಡು ಸಲ ಕುಲುಕ್ತಾ ಎರಡು ಮೂರು ದಿನ ಬಿಡಿ. ನೀರು ಒಳಗಿಳಿದು ಕಾಳು ಮೇಲೆ ಒಣಗಿದಂಗೆ ಕಂಡ ಮೇಲೆ ನಾಲ್ಕು ಕಾಳು ಅರಳಿಸಿ ನೋಡಿ. ಸಿಪ್ಪೆ ಸೀಳಿರೋ ಕಾಳು ಮಾತ್ರ ಏನು ಮಾಡಿದ್ರೂ ಅರಳಲ್ಲ, ಹಬೆ ಸೀಳಿನಿಂದ ಸೋರಿ ಹೋಗುತ್ತೆ.

ಪಾತ್ರೆ ದಪ್ಪ ತಳದ್ದು, ಅಗಲವಾದದ್ದು ಇರಲಿ. ಕುಕ್ಕರಿನ ತಳದ ಪಾತ್ರೆನೂ ಆಗುತ್ತೆ, ಆದ್ರೆ ಅದರ ಮುಚ್ಚಳ ಹಾಕಿ ಬಿಗಿ ಮಾಡಲೇಬಾರದು, ಮೇಲೆ ಒಂದು ತಟ್ಟೆ ಮುಚ್ಚಿದ್ರೆ ಸಾಕು. ಮೂರು ದೊಡ್ಡ ಚಮಚ ಶೇಂಗಾ ಎಣ್ಣೆ ಹಾಕಿ. ಎಣ್ಣೆಗೆ ಜಿಪುಣತನ ಮಾಡಬೇಡಿ, ಪಾತ್ರೆಯ ಬಿಸಿಯನ್ನ ಪ್ರತಿ ಕಾಳಿನ ಸುತ್ತಲೂ ತಲುಪಿಸೋದು ಅದೇ. ಬೆಣ್ಣೆಯಲ್ಲಿ ಅರಳಿಸೋಕೆ ಹೋಗಬೇಡಿ, ಅಷ್ಟು ಬಿಸಿಗೆ ಅದರಲ್ಲಿರೋ ಹಾಲಿನ ಅಂಶ ಸೀದು ಕಪ್ಪಾಗುತ್ತೆ.

ಎಣ್ಣೆಗೆ ಮೊದಲು ಮೂರೇ ಕಾಳು ಹಾಕಿ ಮುಚ್ಚಿ. ಮೂರೂ ಸಿಡಿದ್ವು ಅಂದ್ರೆ ಎಣ್ಣೆ ಹದಕ್ಕೆ ಬಂತು. ಆಗ ಅರ್ಧ ಲೋಟ ಕಾಳು ಸುರಿದು, ಪಾತ್ರೆಯನ್ನ ಒಲೆಯಿಂದ ಕೆಳಗಿಳಿಸಿ, ಮುಚ್ಚಿ ಮೂವತ್ತು ಎಣಿಸಿ. ಈ ಅರ್ಧ ನಿಮಿಷದಲ್ಲೇ ಎಲ್ಲಾ ಗುಟ್ಟು ಇರೋದು. ಎಲ್ಲಾ ಕಾಳೂ ಒಂದೇ ಸಮ ಬಿಸಿಯಾಗಿ ಸಿಡಿಯೋ ಹದದ ಹತ್ರ ಬಂದು ನಿಲ್ತವೆ. ಮತ್ತೆ ಒಲೆ ಮೇಲಿಟ್ಟರೆ ಒಟ್ಟಿಗೇ ಅರಳ್ತವೆ. ಮೊದಲು ಅರಳಿದ್ದು ಸೀದುಹೋಗಲ್ಲ, ತಳದಲ್ಲಿ ಕಾಳೂ ಉಳಿಯಲ್ಲ.

ಉರಿ ಮಧ್ಯಮಕ್ಕಿಂತ ಸ್ವಲ್ಪ ಮೇಲೆ ಇರಲಿ. ತೀರಾ ಸಣ್ಣ ಉರಿ ಆದ್ರೆ ಒತ್ತಡ ಕಟ್ಟೋಕೆ ಮೊದಲೇ ಆಗ ತೋರಿಸಿದ್ನಲ್ಲ, ಆ ಮೊನೆಯಿಂದ ಹಬೆ ಮೆಲ್ಲಗೆ ಸೋರಿಹೋಗುತ್ತೆ. ತೀರಾ ದೊಡ್ಡ ಉರಿ ಆದ್ರೆ ನಡುವಿನ ಪಿಷ್ಟ ಬೇಯೋ ಮುಂಚೆನೇ ಸಿಪ್ಪೆ ಒಡೆದು, ಅರಳು ಸಣ್ಣಗೆ, ಮಧ್ಯದಲ್ಲಿ ಗಟ್ಟಿಯಾಗಿ ಉಳಿಯುತ್ತೆ.

ಈಗ ಎರಡನೇ ಮಾತು, ಹಬೆ ಬಿಟ್ಟುಬಿಡೋದು. ಸಿಡಿಯೋಕೆ ಶುರುವಾದ ಮೇಲೆ ಪಾತ್ರೆ ಆಡಿಸ್ತಾ ತಟ್ಟೆಯನ್ನ ಒಂದು ಬದಿಗೆ ಕೂದಲೆಳೆಯಷ್ಟು ಸರಿಸಿ.

“ಮುಚ್ಚಳ ಸರಿಸಿದ್ರ ಸಿಡದು ಮೈಮ್ಯಾಲ ಬರೂದಿಲ್ಲೇನ್ರೀ?”

ಕಾಳು ನುಸುಳುವಷ್ಟು ತೆಗೀಬೇಡಿ, ಹಬೆ ಹೋಗುವಷ್ಟು ಸಾಕು. ಸಂದಿಯ ಮುಖ ನಿಮ್ಮ ಕಡೆ ಇರೋದು ಬೇಡ. ಒಂದೊಂದು ಕಾಳೂ ಹಬೆ ಬಿಡುತ್ತಲ್ಲ, ಅದು ಹೊರಗೆ ಹೋಗದಿದ್ರೆ ತಟ್ಟೆಗೆ ಬಡಿದು ನೀರಾಗಿ ಮತ್ತೆ ಅರಳಿನ ಮೇಲೇ ತೊಟ್ಟಿಕ್ಕುತ್ತೆ. ಮನೆ ಪಾಪ್‌ಕಾರ್ನ್ ರಬ್ಬರಿನಂಗೆ ಆಗುತ್ತೆ ಅಂತ ಎಷ್ಟೋ ಜನ ಹೇಳೋದು ಇದರಿಂದಲೇ. ಒಂದು ಸಿಡಿತಕ್ಕೂ ಇನ್ನೊಂದಕ್ಕೂ ಎರಡು ಸೆಕೆಂಡ್ ಬಿಡುವು ಬಂತು ಅಂದ್ರೆ ಒಲೆ ಆರಿಸಿ. ತಕ್ಷಣ ಅಗಲವಾದ ತಾಂಬಾಳಕ್ಕೆ ಸುರೀರಿ. ಬಿಸಿ ಪಾತ್ರೇಲಿ ಬಿಟ್ಟರೆ ತಳದ್ದು ಸೀಯುತ್ತೆ, ಮೇಲಿನದು ಮೆತ್ತಗಾಗುತ್ತೆ.

ಉಪ್ಪನ್ನ ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿ ಇಟ್ಕೊಳ್ಳಿ. ಹರಳುಪ್ಪು ಅರಳಿನ ಮೇಲೆ ನಿಲ್ಲಲ್ಲ, ಜಾರಿ ತಟ್ಟೆ ತಳ ಸೇರುತ್ತೆ. ಮೇಲೆ ಸುರಿಯೋಕೂ ಬೆಣ್ಣೆಗಿಂತ ತುಪ್ಪ ಲೇಸು. ಬೆಣ್ಣೆಯಲ್ಲಿ ನೂರಕ್ಕೆ ಹದಿನೈದರಷ್ಟು ನೀರಿರುತ್ತೆ, ಕಷ್ಟಪಟ್ಟು ಹೊರಗೆ ಕಳಿಸಿದ ನೀರನ್ನ ನಾವೇ ಮತ್ತೆ ಕರೆದಂಗಾಗುತ್ತೆ. ಒಂದು ಚಮಚ ಬಿಸಿ ತುಪ್ಪ, ಚಿಟಿಕೆ ಮೆಣಸಿನ ಪುಡಿ, ಹುರಿದು ಪುಡಿ ಮಾಡಿದ ಕರಿಬೇವು, ಅಷ್ಟೇ. ನಿಮ್ಮ ಕಡೆಯ ಶೇಂಗಾ ಚಟ್ನಿಪುಡಿ ಉದುರಿಸಿದ್ರಂತೂ ಅದರ ರುಚಿಗೆ ಸಮ ಇಲ್ಲ.

2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನ ಜಿಎಸ್‌ಟಿ ಸಭೇಲಿ ಪಾಪ್‌ಕಾರ್ನ್ ತೆರಿಗೆಯದ್ದೇ ಚರ್ಚೆ ಆಗಿತ್ತು ನೆನಪಿದೆಯಾ? ಆಗ ಉಪ್ಪು ಖಾರದ್ದು ಬಿಡಿಯಾಗಿ ಕೊಂಡ್ರೆ ಶೇಕಡಾ 5, ಪ್ಯಾಕೆಟ್ಟಿನದಕ್ಕೆ 12, ಸಕ್ಕರೆ ಪಾಕದ್ದಕ್ಕೆ 18 ಅಂತ ಇತ್ತು. ಅಷ್ಟು ದೊಡ್ಡ ವ್ಯಾಪಾರ ಆಗಿದೆ ಇದು. ಆದ್ರೆ ಷಿಕಾಗೊದ ಚಾರ್ಲ್ಸ್ ಕ್ರೇಟರ್ಸ್ ಇದಕ್ಕೆ ಹಬೆಯಿಂದ ನಡೆಯೋ ಯಂತ್ರ ಕಟ್ಟಿದ್ದೇ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೂ ಎಷ್ಟೋ ಮೊದಲೇ ಪೆರು ದೇಶದ ಕರಾವಳಿಯಲ್ಲಿ ಜನ ಮೆಕ್ಕೆಜೋಳ ಅರಳಿಸಿ ತಿಂತಿದ್ದದ್ದಕ್ಕೆ ಸಾವಿರಾರು ವರ್ಷ ಹಿಂದಿನ ಗುರುತು ಸಿಕ್ಕಿದೆ. ಬೆಂಕಿ, ಕಾಳು, ಕಾಳಿನೊಳಗಿನ ನೀರು ಬಿಟ್ಟರೆ ಅವರ ಹತ್ರ ಬೇರೇನೂ ಇರಲಿಲ್ಲ. ನಮಗೂ ಅದಕ್ಕಿಂತ ಹೆಚ್ಚಿಗೆ ಬೇಕಿಲ್ಲ. ಸಂಜೆ ಮಕ್ಕಳು ಸ್ಕೂಲಿನಿಂದ ಹಸಿದು ಬಂದಾಗ ಪ್ಯಾಕೆಟ್ ಕೈಗೆ ಕೊಡೋ ಬದಲು ಐದು ನಿಮಿಷದಲ್ಲಿ ಇದನ್ನ ಮಾಡಿಕೊಡಬಹುದು. ಎಷ್ಟು ಎಣ್ಣೆ, ಎಷ್ಟು ಉಪ್ಪು ಹೊಟ್ಟೆಗೆ ಹೋಗುತ್ತೆ ಅನ್ನೋದು ನಮ್ಮ ಕೈಯಲ್ಲೇ ಇರುತ್ತೆ.

ಆ ಹಳೇ ಕಾಳಿಗೆ ಇವತ್ತೇ ನೀರು ಚಿಮುಕಿಸಿ ಇಡಿ, ಭಾನುವಾರದ ಹೊತ್ತಿಗೆ ಹದಕ್ಕೆ ಬರುತ್ತೆ. ಈ ಸಲ ಪಂಚಮಿಗೆ ಅಳ್ಳು ಹುರಿಯುವಾಗ ನನ್ನನ್ನೂ ಕರೀರಿ ಅಕ್ಕಾ. ಜೋಳಕ್ಕೆ ಎಷ್ಟು ನೀರು, ಎಷ್ಟು ಹೊತ್ತು ಕಟ್ಟಿಡೋದು ಅನ್ನೋದನ್ನ ನಿಮ್ಮ ಕೈಯಿಂದಲೇ ಕಲೀಬೇಕು ನಾನು.